ಸೈಕಲ್ಲಿನ ಮುಂಭಾಗದ ಒಂದು ಸದ್ದು

ಈ ಸಲ ನಾನು ಬರೆಯಹೊರಟಿರುವುದು ಒಂದು ಸೈಕಲ್ಲಿನ ವಿಷಯ. ನಿವೃತ್ತ ಮಾಸ್ತರನಿಗೆ ಬರೆಯಲು ಬೇರೇನೂ ದೊರೆಯಲಿಲ್ಲವೇ ಎಂದು ಯಾರಾದರೂ ನಕ್ಕರೆ ನನಗೆ ಬೇಸರವಿಲ್ಲ. ಆದರೆ ಈ ಬರಹದ ನಡುವೆ ನನ್ನ ಹಳೆಯ ವಿದ್ಯಾರ್ಥಿಗಳಿಗೆ ನಾನು ಒಪ್ಪಿಸಬೇಕಾದ ಒಂದು ತಿದ್ದುಪಡಿಯೂ ಇದೆ. ಆದ್ದರಿಂದ ಅವರಾದರೂ ತಾಳ್ಮೆಯಿಂದ ಓದಬೇಕೆಂದು ಕೋರುತ್ತೇನೆ.

ಹೋದ ವರ್ಷದ ದಸರಾ ರಜೆಗೆ ಬೆಂಗಳೂರಿನಿಂದ ಬಂದ ನನ್ನ ಮೊಮ್ಮಗ ತನ್ನ ಸೈಕಲ್ಲನ್ನೂ ಕಾರಿನ ಹಿಂಬದಿಗೆ ಕಟ್ಟಿಸಿಕೊಂಡು ಬಂದಿದ್ದ. ಅದು ಈಗಿನ ಮಕ್ಕಳು ಮೌಂಟನ್ ಬೈಕ್ ಎನ್ನುವ ಜಾತಿಯದು. ದಪ್ಪ ಟೈರು, ನೆಟ್ಟಗಿನ ಹ್ಯಾಂಡಲು, ಎರಡೂ ಗಾಲಿಗಳಿಗೆ ಡಿಸ್ಕ್ ಬ್ರೇಕು, ಮುಂದುಗಡೆ ಒತ್ತಿದರೆ ಕುಗ್ಗಿ ಮತ್ತೆ ಏಳುವ ಫೋರ್ಕು. ಶಿರಸಿಯ ಕಡೆಯ ನಮ್ಮ ಹಳ್ಳಿಯನ್ನು ಬಲ್ಲವರಿಗೆ ಗೊತ್ತು, ಡಾಂಬರು ರಸ್ತೆಯಿಂದ ನಮ್ಮ ಮನೆಯವರೆಗಿನ ಮಣ್ಣುದಾರಿ ಅರ್ಧ ಇಳಿಜಾರು, ಅರ್ಧ ಕಲ್ಲು. ನಡುವೆ ಒಂದು ಮೋರಿ, ಮೋರಿಯ ಮೇಲೆಯೇ ಒಂದು ತಿರುವು. ಮಳೆಗಾಲ ಮುಗಿದರೂ ಆ ಕಲ್ಲುಗಳ ಮೇಲೆ ಹಾವಸೆ ಒಣಗಿರುವುದಿಲ್ಲ. ಹುಡುಗನಿಗೆ ಅದೇ ಬೇಕಾಗಿತ್ತು.

ಮೂರನೆಯ ದಿನವೋ ನಾಲ್ಕನೆಯ ದಿನವೋ ಆತ ಅಂಗಳದಲ್ಲಿ ಸೈಕಲ್ಲು ನಿಲ್ಲಿಸಿ, “ಅಜ್ಜ, ಮುಂದಿನ ಬ್ರೇಕ್ ಹಿಡಿದರೆ ಟಕ್ ಅಂತ ಸದ್ದು ಬರುತ್ತದೆ. ಕೈಗೂ ತಾಗುತ್ತದೆ” ಎಂದ. ನಾನು ಮುಂದಿನ ಬ್ರೇಕು ಹಿಡಿದು ಸೈಕಲ್ಲನ್ನು ಹಿಂದಕ್ಕೂ ಮುಂದಕ್ಕೂ ಅಲುಗಿಸಿ ನೋಡಿದೆ. ಹೌದು, ಸಣ್ಣದೊಂದು ಕುಲುಕು ಇತ್ತು. ಅಂಗಡಿಯವರು ಇದಕ್ಕೆ ‘ಪ್ಲೇ ಇದೆ’ ಎನ್ನುತ್ತಾರೆ. ಕುಲುಕು ನನ್ನ ಅಂಗೈಗೆ ಹ್ಯಾಂಡಲಿನ ಮೂಲಕ ಬಂದಿತು. ಆದ್ದರಿಂದ ಸಡಿಲವಾಗಿರುವುದು ಹ್ಯಾಂಡಲಿನ ಬುಡವೇ ಎಂದು ನಾನು ತೀರ್ಮಾನಿಸಿದೆ. ಪ್ರಯೋಗಾಲಯದಲ್ಲಿ ಯಾವ ವಿದ್ಯಾರ್ಥಿಯಾದರೂ ಒಂದೇ ವೀಕ್ಷಣೆಯಿಂದ ಹೀಗೆ ತೀರ್ಮಾನಕ್ಕೆ ಹಾರಿದ್ದರೆ ನಾನು ಅವನ ದಾಖಲೆ ಪುಸ್ತಕಕ್ಕೆ ಸಹಿ ಹಾಕುತ್ತಿರಲಿಲ್ಲ.

ನನ್ನ ತಪ್ಪಿಗೆ ಒಂದು ಹಿನ್ನೆಲೆ ಇತ್ತು. 1983ರಲ್ಲಿ ನಾನು ಮೊದಲ ಬಾರಿಗೆ ಹೈಸ್ಕೂಲು ಮಾಸ್ತರನಾದಾಗ ಒಂದು ಕಪ್ಪು ಸೈಕಲ್ಲು ಕೊಂಡಿದ್ದೆ. ಸುಮಾರು ಇಪ್ಪತ್ತು ವರ್ಷ ಅದನ್ನು ತುಳಿದಿದ್ದೇನೆ. ವರ್ಷಕ್ಕೊಮ್ಮೆ ಓವರಾಯಿಲಿಂಗ್ ಮಾಡಿಸುವಾಗ ಅಂಗಡಿಯಲ್ಲಿಯೇ ಕುಳಿತು ನೋಡುತ್ತಿದ್ದುದರಿಂದ ಅದರ ಒಡಲೆಲ್ಲ ನನಗೆ ಪರಿಚಿತ. ಅಂಥ ಸೈಕಲ್ಲಿನಲ್ಲಿ ಫೋರ್ಕಿನ ಕೊಳವೆಯ ಮೇಲ್ತುದಿಗೆ ಮರೆ ಕೊರೆದಿರುತ್ತದೆ. ಬೇರಿಂಗಿನ ಮೇಲಿನ ಬಟ್ಟಲನ್ನು ಆ ಮರೆಯ ಮೇಲೆ ತಿರುಗಿಸಿ ಕೂರಿಸಿ, ಅದರ ಮೇಲೊಂದು ನಟ್ಟು ಹಾಕಿ ಬಿಗಿಯುತ್ತಾರೆ. ಕುಲುಕು ಬಂದರೆ ಮೇಲಿನಿಂದ ಬಿಗಿಮಾಡಬೇಕು, ಅಷ್ಟೇ. ಹಿಡಿದು ನಿಲ್ಲಿಸುವುದೂ ಅದೇ, ಒತ್ತಿ ಕೂರಿಸುವುದೂ ಅದೇ.

ಈಗಿನ ಸೈಕಲ್ಲುಗಳಲ್ಲಿ ಆ ಮರೆಯೇ ಇಲ್ಲ. ಅಮೆರಿಕದ ಜಾನ್ ರೇಡರ್ ಎಂಬವರು ರೂಪಿಸಿದ, 1990ರ ದಶಕದಲ್ಲಿ ಎಲ್ಲೆಡೆ ಹಬ್ಬಿದ ಏರ್ಪಾಡು ಇದು. ಫೋರ್ಕಿನ ಕೊಳವೆ ನುಣುಪಾಗಿ ಮೇಲೆ ಬರುತ್ತದೆ. ಹ್ಯಾಂಡಲನ್ನು ಹೊತ್ತ ತುಂಡು, ಅಂದರೆ ಸ್ಟೆಮ್, ಆ ಕೊಳವೆಯನ್ನು ಪಕ್ಕದ ಎರಡು ಬೋಲ್ಟುಗಳಿಂದ ಕಚ್ಚಿ ಹಿಡಿಯುತ್ತದೆ. ನೆತ್ತಿಯ ಮೇಲೆ ಒಂದು ಮುಚ್ಚಳ, ಅದರ ನಡುವೆ ಒಂದು ಬೋಲ್ಟು. ಆ ಬೋಲ್ಟು ಕೊಳವೆಯ ಒಳಗೆ ಕೂರಿಸಿದ ನಕ್ಷತ್ರದಾಕಾರದ ನಟ್ಟನ್ನು ಮೇಲಕ್ಕೆಳೆದು, ಸ್ಟೆಮ್ಮನ್ನು ಕೆಳಕ್ಕೆ ಒತ್ತಿ, ಬೇರಿಂಗುಗಳ ನಡುವಿನ ಸಂದನ್ನು ಮುಚ್ಚುತ್ತದೆ. ಅದರ ಕೆಲಸ ಅಲ್ಲಿಗೆ ಮುಗಿಯಿತು. ಆಮೇಲೆ ಎಲ್ಲವನ್ನೂ ಹಿಡಿದಿಡುವುದು ಪಕ್ಕದ ಬೋಲ್ಟುಗಳು. ಅವುಗಳನ್ನು ಬಿಗಿಮಾಡಿದ ಮೇಲೆ ನೆತ್ತಿಯ ಬೋಲ್ಟಿಗೆ ಹೆಚ್ಚಿನ ಹೊರೆಯೇ ಇರುವುದಿಲ್ಲ. ಇದೆಲ್ಲ ನನಗೆ ಆ ದಿನ ಗೊತ್ತಿರಲಿಲ್ಲ.

ನೆತ್ತಿಯ ಬೋಲ್ಟೇ ಯಜಮಾನನೆಂದು ಭಾವಿಸಿ ಅಲೆನ್ ಕೀ ಹಾಕಿ ತಿರುಗಿಸಿದೆ. ಸದ್ದು ಹೋಗಲಿಲ್ಲ. ಪಕ್ಕದವನ್ನು ಸಡಿಲಿಸಿ ಮತ್ತೆ ನೆತ್ತಿಯದನ್ನು ಬಲವಾಗಿ ತಿರುಗಿಸಿದೆ. ಬಳಿಕ ಪಕ್ಕದವನ್ನೂ ಬಿಗಿದೆ. ಸದ್ದು ಬಹಳ ಕಡಿಮೆಯಾಯಿತು, ಪೂರ್ತಿ ಹೋಗಲಿಲ್ಲ. ಉಳಿದದ್ದು ಬ್ರೇಕಿನದಿರಬಹುದೆಂದು ಸಮಾಧಾನ ಹೇಳಿಕೊಂಡೆ. ಹ್ಯಾಂಡಲು ತಿರುಗಿಸುವಾಗ ತುಸು ಭಾರವೆನಿಸಿತು. ಅದನ್ನು ಗಟ್ಟಿತನವೆಂದು ತಿಳಿದೆ.

ಆ ಸಂಜೆ ಮಗಳು ಫೋನು ಮಾಡಿದಳು. ಆಕೆಗೆ ಈ ಸೈಕಲ್ಲಿನ ವಿಷಯದಲ್ಲಿ ಮೊದಲಿನಿಂದಲೂ ಅಂಜಿಕೆ. “ಅಪ್ಪ, ಅದೇನೋ ಸದ್ದು ಬರುತ್ತಿದೆಯಂತೆ. ನೀವು ನೋಡಿ ಸರಿ ಇದೆ ಎಂದರೆ ಮಾತ್ರ ಅವನನ್ನು ಇಳಿಜಾರಿಗೆ ಬಿಡಿ” ಎಂದಳು. ನಾನು, “ಎಲ್ಲ ಬಿಗಿಮಾಡಿದ್ದೇನೆ, ಚಿಂತೆ ಬೇಡ” ಎಂದೆ.

ಮರುದಿನ ಮೋರಿಯ ತಿರುವಿನಲ್ಲಿ ಹುಡುಗ ಬಿದ್ದ. ಮೊಣಕೈ ತರಚಿ, ಗದ್ದ ಸೀಳಿ, ಮೂರು ಹೊಲಿಗೆ ಹಾಕಿಸಬೇಕಾಯಿತು. ಮೂಳೆಗೆ ಏನೂ ಆಗಲಿಲ್ಲವೆಂಬುದೇ ಸಮಾಧಾನ. ಆಸ್ಪತ್ರೆಯಿಂದ ಮರಳುವಾಗ ಆತ ನನಗೆ ಹೇಳಿದ್ದು ಒಂದೇ ಮಾತು: “ನಾನು ಮೆಲ್ಲಗೇ ಬರುತ್ತಿದ್ದೆ ಅಜ್ಜ. ಹ್ಯಾಂಡಲು ನನ್ನ ಮಾತು ಕೇಳಲಿಲ್ಲ.”

ನಾನು ಅದಕ್ಕೆ ಏನು ಹೇಳಿದೆನೆಂಬುದನ್ನು ಇಲ್ಲಿ ಬರೆಯದೆ ಬಿಡಬಹುದಿತ್ತು. “ಕುಣಿಯಲಾರದವಳು ನೆಲ ಡೊಂಕು ಅಂದಳಂತೆ” ಎಂದೆ. ತಿರುವಿನಲ್ಲಿ ವೇಗ ತಗ್ಗಿಸಬೇಕೆಂದು ಅರ್ಧ ಗಂಟೆ ಉಪದೇಶವನ್ನೂ ಮಾಡಿದೆ. ಗದ್ದಕ್ಕೆ ಪಟ್ಟಿ ಕಟ್ಟಿಕೊಂಡಿದ್ದ ಹುಡುಗ ಉತ್ತರ ಕೊಡುವ ಸ್ಥಿತಿಯಲ್ಲಿರಲಿಲ್ಲ. ರಾತ್ರಿ ಮಗಳಿಗೂ ಅದನ್ನೇ ಹೇಳಿದೆ. ಆತ ತಾಯಿಯ ಎದುರು, “ಹೌದಮ್ಮ, ನಾನೇ ಜೋರಾಗಿ ಬಂದೆ” ಎಂದು ಒಪ್ಪಿಕೊಂಡುಬಿಟ್ಟ. ಅದು ಅಜ್ಜನನ್ನು ಕಾಪಾಡಲು ಆಡಿದ ಸುಳ್ಳೆಂಬುದು ನನಗೆ ಹೊಳೆಯಲು ಮೂರು ದಿನ ಬೇಕಾಯಿತು.

ಹೊಳೆಯಿಸಿದವನು ನನ್ನ ಹಳೆಯ ವಿದ್ಯಾರ್ಥಿ. ಈ ಪುಟವನ್ನು ಆತನೂ ಓದುತ್ತಾನೆ, ಹೆಸರು ಬರೆಯುವುದು ಬೇಡವೆಂದಿದ್ದಾನೆ. ಅವನ ತಂದೆ ಗಂಟೆಯ ಲೆಕ್ಕದಲ್ಲಿ ಸೈಕಲ್ಲು ಬಾಡಿಗೆಗೆ ಕೊಡುತ್ತಿದ್ದರು. ನನ್ನ ಕಪ್ಪು ಸೈಕಲ್ಲಿನ ಓವರಾಯಿಲಿಂಗ್ ನಡೆಯುತ್ತಿದ್ದುದು ಅವರಲ್ಲಿಯೇ. ಈಗ ಅದೇ ಅಂಗಡಿಯಲ್ಲಿ ಮಗ ಗೇರಿನ ಸೈಕಲ್ಲುಗಳನ್ನೂ ರಿಪೇರಿ ಮಾಡುತ್ತಾನೆ. ಬ್ರೇಕಿನ ಹಿಡಿಕೆ ಬಿದ್ದ ಪೆಟ್ಟಿಗೆ ಬಾಗಿತ್ತು. ಅದನ್ನು ಬದಲಿಸಲೆಂದು ಸೈಕಲ್ಲನ್ನು ಆಟೋದ ಹಿಂದೆ ಹಾಕಿಸಿಕೊಂಡು ನಾವಿಬ್ಬರೂ ಹೋದೆವು.

ಆತ ಹಿಡಿಕೆಯನ್ನು ನೋಡುವ ಮೊದಲು ಚೌಕಟ್ಟನ್ನು ಹಿಡಿದು ಮುಂದಿನ ಗಾಲಿಯನ್ನು ನೆಲದಿಂದ ಎತ್ತಿ ಸೈಕಲ್ಲನ್ನು ಕೊಂಚ ವಾಲಿಸಿದ. ಸರಿಯಾಗಿರುವ ಸೈಕಲ್ಲಿನಲ್ಲಿ ಹ್ಯಾಂಡಲು ತನ್ನ ಭಾರಕ್ಕೆ ತಾನೇ ಆ ಪಕ್ಕಕ್ಕೆ ಹೊರಳಬೇಕು. ನಮ್ಮದು ಮಿಸುಕಲಿಲ್ಲ. ಬೆರಳಿನಿಂದ ನೂಕಿದರೆ ಅಷ್ಟು ಸರಿದು ಅಲ್ಲಿಯೇ ನಿಂತಿತು. ಆತ ತಲೆಯೆತ್ತದೆ, “ಸರ್, ಮೇಲಿನ ಬೋಲ್ಟು ಮುಟ್ಟಿದ್ದು ಯಾರು?” ಎಂದು ಕೇಳಿದ.

ಅಂಗಡಿಯಲ್ಲಿ ಇನ್ನಿಬ್ಬರು ಗಿರಾಕಿಗಳಿದ್ದರು. ಹುಡುಗ ಗೋಡೆಗೆ ತೂಗುಹಾಕಿದ್ದ ಟ್ಯೂಬುಗಳನ್ನು ಬಹಳ ಆಸಕ್ತಿಯಿಂದ ನೋಡತೊಡಗಿದ. “ನಾನೇ” ಎಂದೆ.

“ಬೇರಿಂಗು ಜಾಮ್ ಆಗಿದೆ ಸರ್. ಹೀಗಿದ್ದರೆ ಗಾಡಿ ಬ್ಯಾಲೆನ್ಸ್ ಕೊಡುವುದಿಲ್ಲ. ಅದರಲ್ಲೂ ಮೆಲ್ಲಗೆ ಹೋಗುವಾಗ.”

ಮೆಲ್ಲಗೆ ಹೋಗುವಾಗ! ನಾನು ಹುಡುಗನ ಕಡೆ ನೋಡಿದೆ. ಆತ ಇನ್ನೂ ಟ್ಯೂಬುಗಳನ್ನೇ ನೋಡುತ್ತಿದ್ದ.

ಇಲ್ಲಿ ನಾನು ಹೇಳಿದ ತಿದ್ದುಪಡಿ ಬರುತ್ತದೆ. ಸೈಕಲ್ಲು ಚಲಿಸುವಾಗ ಏಕೆ ಬೀಳುವುದಿಲ್ಲವೆಂದು ತರಗತಿಯಲ್ಲಿ ಕೇಳಿದವರಿಗೆಲ್ಲ ನಾನು ಬುಗುರಿಯ ಉದಾಹರಣೆ ಕೊಡುತ್ತಿದ್ದೆ. ತಿರುಗುತ್ತಿರುವ ಬುಗುರಿ ನೆಟ್ಟಗೆ ನಿಲ್ಲುವಂತೆ ತಿರುಗುತ್ತಿರುವ ಗಾಲಿ ಸೈಕಲ್ಲನ್ನು ನಿಲ್ಲಿಸುತ್ತದೆ ಎಂದು ಹೇಳಿ, ಬುಗುರಿಯ ಚಿತ್ರವನ್ನೂ ಹಲಗೆಯ ಮೇಲೆ ಬರೆಯುತ್ತಿದ್ದೆ. ಅದು ಸಾಲದ ಉತ್ತರ. ನಾನು ಪಾಠ ಹೇಳಲು ತೊಡಗುವ ಎಷ್ಟೋ ಮೊದಲೇ, 1970ರಲ್ಲಿ, ಡೇವಿಡ್ ಜೋನ್ಸ್ ಎಂಬ ಇಂಗ್ಲೆಂಡಿನ ವಿಜ್ಞಾನಿ ಮುಂದಿನ ಗಾಲಿಯ ಪಕ್ಕದಲ್ಲಿ ವಿರುದ್ಧ ದಿಕ್ಕಿಗೆ ತಿರುಗುವ ಇನ್ನೊಂದು ಗಾಲಿಯನ್ನು ಜೋಡಿಸಿ, ಬುಗುರಿಯ ಪರಿಣಾಮವನ್ನು ಅಳಿಸಿಹಾಕಿ, ಆ ಸೈಕಲ್ಲನ್ನೂ ಸಲೀಸಾಗಿ ತುಳಿದು ತೋರಿಸಿದ್ದರು. 2011ರಲ್ಲಿ ನೆದರ್ಲೆಂಡ್ಸ್ ಮತ್ತು ಅಮೆರಿಕದ ಸಂಶೋಧಕರು ‘ಸೈನ್ಸ್’ ಪತ್ರಿಕೆಯಲ್ಲಿ ಇನ್ನೂ ಮುಂದೆ ಹೋಗಿ, ಬುಗುರಿಯ ಪರಿಣಾಮ ಇಲ್ಲದೆಯೂ ತನ್ನಷ್ಟಕ್ಕೆ ನೆಟ್ಟಗೆ ಓಡುವ ವಾಹನವನ್ನು ಕಟ್ಟಿ ತೋರಿಸಿದರು. ಮುಖ್ಯವಾದ ಸಂಗತಿ ಇದು: ಸೈಕಲ್ಲು ಎಡಕ್ಕೆ ವಾಲಿದರೆ ಅದರ ಮುಂಗಾಲಿ ಎಡಕ್ಕೇ ತಿರುಗಬೇಕು. ಆಗ ಗಾಲಿಗಳು ಬೀಳುತ್ತಿರುವ ಭಾರದ ಕೆಳಗೆ ಬಂದು ಸೇರಿಕೊಳ್ಳುತ್ತವೆ. ಅಂಗೈಯ ಮೇಲೆ ಕೋಲು ನಿಲ್ಲಿಸುವ ಹುಡುಗ ಕೋಲು ವಾಲಿದತ್ತ ಕೈ ಸರಿಸುವಂತೆ. ನಾವು ತಿಳಿಯದೆಯೇ ಕ್ಷಣಕ್ಷಣಕ್ಕೂ ಈ ಸಣ್ಣ ತಿರುವುಗಳನ್ನು ಕೊಡುತ್ತಿರುತ್ತೇವೆ, ಸೈಕಲ್ಲೂ ಕೊಡುತ್ತಿರುತ್ತದೆ. ಮೆಲ್ಲಗೆ ಹೋಗುವಾಗ ಆ ತಿರುವುಗಳು ಇನ್ನೂ ದೊಡ್ಡವಾಗಿರಬೇಕು. ಹ್ಯಾಂಡಲಿನ ಬುಡವನ್ನು ಅಮುಕಿ ಹಿಡಿದುಬಿಟ್ಟರೆ ಆ ಕೈಯನ್ನೇ ಕಟ್ಟಿಹಾಕಿದಂತೆ. ನಾನು ಮಾಡಿದ್ದು ಅದನ್ನೇ. ಬುಗುರಿಯ ಚಿತ್ರವನ್ನು ನೋಟ್ ಪುಸ್ತಕಕ್ಕೆ ಇಳಿಸಿಕೊಂಡವರು ದಯವಿಟ್ಟು ಅದನ್ನು ತಿದ್ದಿಕೊಳ್ಳಬೇಕು.

ಆತ ಬಿಚ್ಚತೊಡಗಿದ. ಮೊದಲು ಪಕ್ಕದ ಬೋಲ್ಟುಗಳು, ಆಮೇಲೆ ನೆತ್ತಿಯದು. ಸ್ಟೆಮ್ಮನ್ನು ಎತ್ತಿ, ಅದರ ಕೆಳಗಿನ ಬಳೆಗಳನ್ನು ತೆಗೆದು, ಫೋರ್ಕನ್ನು ಕೆಳಗೆ ಜಾರಿಸಿದ. ಮೇಲಿನ ಗುಂಡುಗಳು ಚೆನ್ನಾಗಿದ್ದವು. ಕೆಳಗಿನವುಗಳ ಗ್ರೀಸು ಕಾಫಿಯ ಚರಟದಂತಾಗಿತ್ತು. ಮುಂಗಾಲಿ ಎರಚುವ ನೀರೂ ಕೆಸರೂ ನೇರವಾಗಿ ಬಂದು ತಾಗುವುದು ಅಲ್ಲಿಗೇ. ಎರಡು ಮೂರು ಗುಂಡುಗಳಿಗೆ ತುಕ್ಕು ಹಿಡಿದಿತ್ತು. ಗುಂಡುಗಳು ಉರುಳುವ ಹಾದಿಯಲ್ಲಿ ಗುಳಿ ಬಿದ್ದಿದ್ದರೆ ಹ್ಯಾಂಡಲು ನೇರಕ್ಕೆ ಬಂದಾಗಲೆಲ್ಲ ಗುಳಿಯಲ್ಲಿ ಕೂತಂತಾಗುತ್ತದೆ, ಆಗ ಇಡೀ ಹೆಡ್‌ಸೆಟ್ಟನ್ನೇ ಬದಲಿಸಬೇಕು ಎಂದು ಆತ ಹೇಳಿದ. ಉಗುರಿನಿಂದ ಸುತ್ತಲೂ ಗೀರಿ ನೋಡಿ, ಗುಳಿ ಬಿದ್ದಿಲ್ಲ ಎಂದ. ಇನ್ನೊಂದು ತಿಂಗಳು ಹೀಗೇ ಓಡಿಸಿದ್ದರೆ ಬೀಳುತ್ತಿತ್ತು ಎಂದೂ ಸೇರಿಸಿದ. ಹೊಸ ಗುಂಡುಗಳ ಬಳೆಯೊಂದನ್ನು ಹಾಕಿ, ಧಾರಾಳವಾಗಿ ಗ್ರೀಸು ಮೆತ್ತಿದ.

ಗ್ರೀಸಿನ ಮಾತು ಬಂದಾಗ ಒಂದು ವಿಷಯ ನೆನಪಾಗುತ್ತದೆ. ಮೌಂಟನ್ ಬೈಕಿನ ಹುಟ್ಟೂರು ಅಮೆರಿಕದ ಕ್ಯಾಲಿಫೋರ್ನಿಯಾದ ಮರಿನ್ ಕೌಂಟಿ. 1976ರಲ್ಲಿ ಅಲ್ಲಿನ ಟಮಾಲ್ಪಾಯಸ್ ಬೆಟ್ಟದ ಬಳಿಯ ಕಡಿದಾದ ಮಣ್ಣುದಾರಿಯಲ್ಲಿ ಯುವಕರು ದಪ್ಪ ಟೈರಿನ ಹಳೆಯ ಸೈಕಲ್ಲುಗಳನ್ನು ಇಳಿಸುವ ಪಂದ್ಯ ಕಟ್ಟಿದರು. ಪೆಡಲನ್ನು ಹಿಂದಕ್ಕೆ ತುಳಿದು ಹಿಡಿಯುವ ಬ್ರೇಕು ಎಷ್ಟು ಕಾಯುತ್ತಿತ್ತೆಂದರೆ ಗಾಲಿಯ ಹಬ್ಬಿನೊಳಗಿನ ಗ್ರೀಸು ಹೊಗೆಯಾಗಿ ಹೋಗುತ್ತಿತ್ತು. ಪ್ರತಿ ಇಳಿತದ ಬಳಿಕವೂ ಹೊಸ ಗ್ರೀಸು ತುಂಬಬೇಕಾಗುತ್ತಿತ್ತು. ಆದ್ದರಿಂದ ಆ ಪಂದ್ಯಕ್ಕೆ ‘ರೀಪ್ಯಾಕ್’ ಎಂದೇ ಹೆಸರು. ಹುಡುಗನೇ ನನಗೆ ಇದನ್ನು ಹೇಳಿದ್ದು. ಆ ದಿನ ಅಂಗಡಿಯಲ್ಲಿ ಆತ ಬಾಯಿ ಬಿಟ್ಟಿದ್ದು ಇದೊಂದಕ್ಕೇ.

ಜೋಡಿಸುವಾಗ ನನ್ನ ವಿದ್ಯಾರ್ಥಿ ನನಗೆ ಪಾಠ ಮಾಡಲಿಲ್ಲ. ಅಲೆನ್ ಕೀಯನ್ನು ನನ್ನ ಕೈಗೆ ಕೊಟ್ಟು, “ನೀವೇ ಮಾಡಿ ಸರ್, ನಾನು ನೋಡುತ್ತೇನೆ” ಎಂದ. ಸ್ಟೆಮ್ಮಿನ ಮೇಲ್ಬಾಯಿಗಿಂತ ಫೋರ್ಕಿನ ಕೊಳವೆ ಮೂರು ಮಿಲಿಮೀಟರಿನಷ್ಟು ಕೆಳಗಿದೆಯೇ ಎಂದು ಮೊದಲು ನೋಡಬೇಕು. ಎರಡೂ ಸಮವಾಗಿದ್ದರೆ ಮುಚ್ಚಳ ಕೊಳವೆಗೇ ತಾಗಿ ನಿಲ್ಲುತ್ತದೆ, ಎಷ್ಟು ತಿರುಗಿಸಿದರೂ ಬೇರಿಂಗನ್ನು ಒತ್ತುವುದಿಲ್ಲ. ಆಗ ಒಂದು ಬಳೆ ಸೇರಿಸಬೇಕು. ಪಕ್ಕದ ಬೋಲ್ಟುಗಳು ಸಡಿಲವಾಗಿರುವಾಗಲೇ ನೆತ್ತಿಯದನ್ನು ಬೆರಳ ತುದಿಯ ಬಲದಲ್ಲಿ ಸ್ವಲ್ಪ ಸ್ವಲ್ಪವೇ ತಿರುಗಿಸಿ, ಪ್ರತಿ ಸಲವೂ ಮುಂದಿನ ಬ್ರೇಕು ಹಿಡಿದು ಅಲುಗಿಸಿ ನೋಡಬೇಕು. ಕುಲುಕು ಯಾವ ಕ್ಷಣದಲ್ಲಿ ಮರೆಯಾಗುತ್ತದೆಯೋ ಅಲ್ಲಿಗೇ ನಿಲ್ಲಿಸಬೇಕು. ಇನ್ನು ಕಾಲು ಸುತ್ತು ಇರಲಿ ಎಂಬ ಆಸೆ ಬರುತ್ತದೆ, ನನಗೂ ಬಂತು. ಆತ ಕೆಮ್ಮಿದ. ನಿಲ್ಲಿಸಿದೆ. ಬಳಿಕ ಹ್ಯಾಂಡಲನ್ನು ಗಾಲಿಗೆ ನೇರವಾಗಿಸಿ, ಪಕ್ಕದ ಎರಡು ಬೋಲ್ಟುಗಳನ್ನು ಒಂದಾದ ಮೇಲೊಂದರಂತೆ ಬಿಗಿಮಾಡಬೇಕು. ಸ್ಟೆಮ್ಮಿನ ಮೇಲೆ 5 ನ್ಯೂಟನ್ ಮೀಟರ್ ಎಂದು ಕೊರೆದಿತ್ತು. ಲೆಕ್ಕ ಹಾಕಿದೆ. ಹತ್ತು ಸೆಂಟಿಮೀಟರ್ ಉದ್ದದ ಅಲೆನ್ ಕೀಯ ತುದಿಯಲ್ಲಿ ಇದು 50 ನ್ಯೂಟನ್ ಬಲ, ಅಂದರೆ ಸುಮಾರು ಐದು ಕಿಲೋ ತೂಗುಹಾಕಿದಷ್ಟು. ಹಿಂದಿನ ವಾರ ನಾನು ಹಾಕಿದ ಬಲವನ್ನು ನೆನೆದು ನಾಚಿಕೆಯಾಯಿತು.

ಹ್ಯಾಂಡಲು ಈಗ ಹೂವಿನಂತೆ ಹೊರಳುತ್ತಿತ್ತು. ಆದರೆ ಬ್ರೇಕು ಹಿಡಿದು ನೂಕಿದಾಗ ಎಲ್ಲಿಯೋ ಅದೇ ‘ಟಕ್’! ನಾನು ತಡೆಯಲಾರದೆ ಮತ್ತೆ ನೆತ್ತಿಯ ಬೋಲ್ಟಿಗೆ ಕೈ ಹಾಕಲು ಹೊರಟೆ. ಆತ ನನ್ನ ಎಡಗೈಯನ್ನು ಹಿಡಿದು, ಬೇರಿಂಗಿನ ಬಟ್ಟಲೂ ಚೌಕಟ್ಟಿನ ಕೊಳವೆಯೂ ಸೇರುವ ಸಂದಿನ ಮೇಲೆ ಬೆರಳು ಇಡಿಸಿದ. “ಈಗ ಅಲುಗಿಸಿ.” ಸದ್ದು ಬಂತು, ಬೆರಳಿಗೆ ಏನೂ ತಿಳಿಯಲಿಲ್ಲ. ಮೇಲೂ ಇಲ್ಲ, ಕೆಳಗೂ ಇಲ್ಲ. ಆಮೇಲೆ ಆತ ಒಂದು ಕೈಯಲ್ಲಿ ಫೋರ್ಕಿನ ಕಾಲನ್ನೂ ಇನ್ನೊಂದರಲ್ಲಿ ರಿಮ್ಮಿನ ಮೇಲ್ಭಾಗವನ್ನೂ ಹಿಡಿದು ಅಡ್ಡಡ್ಡವಾಗಿ ಅಲುಗಿಸಿದ. ಗಾಲಿ ಎಡಕ್ಕೂ ಬಲಕ್ಕೂ ಕುಲುಕಿತು. ಸಡಿಲವಾಗಿದ್ದುದು ಗಾಲಿಯ ನಡುವಿನ ಹಬ್ಬು. ಕೆಳಗೆ ಹುಟ್ಟಿದ ಸದ್ದು ಫೋರ್ಕನ್ನು ಹತ್ತಿ ಹ್ಯಾಂಡಲಿಗೆ ಬಂದು ನನ್ನ ಅಂಗೈಯನ್ನು ತಟ್ಟುತ್ತಿತ್ತು. ಹೆಡ್‌ಸೆಟ್ಟಿನಲ್ಲಿದ್ದುದು ಕಿರಿದಾದ ಸಡಿಲ, ಕಾಲು ಸುತ್ತಿನಲ್ಲಿ ಮುಗಿಯುವಂಥದು.

ಹಬ್ಬನ್ನು ಸರಿಪಡಿಸಲು ತೆಳ್ಳಗಿನ ಪಾನಾಗಳು ಬೇಕು, ಒಂದರಿಂದ ಕೋನನ್ನು ಹಿಡಿದು ಇನ್ನೊಂದರಿಂದ ಹೊರಗಿನ ನಟ್ಟನ್ನು ಬಿಗಿಯಬೇಕು. ಅದರಲ್ಲಿಯೂ ಒಂದು ಸೂಕ್ಷ್ಮ ಇದೆ. ಈ ಗಾಲಿಗೆ ಸನ್ನೆ ಮಡಚಿ ಬಿಗಿಮಾಡುವ ಕ್ವಿಕ್ ರಿಲೀಸ್ ಇತ್ತು. ಸನ್ನೆಯನ್ನು ಮಡಚಿದಾಗ ಅದು ಅಚ್ಚನ್ನು ಎರಡೂ ಕಡೆಯಿಂದ ತುಸು ಅದುಮುತ್ತದೆ. ಆದ್ದರಿಂದ ಗಾಲಿ ಹೊರಗಿರುವಾಗ ಕೂದಲೆಳೆಯಷ್ಟು ಸಡಿಲ ಬಿಟ್ಟಿರಬೇಕು, ಹಾಕಿ ಬಿಗಿದಾಗ ಅದು ಮಾಯವಾಗಬೇಕು. ಕೈಯಲ್ಲಿ ಸರಿಯಾಗಿದ್ದರೆ ಗಾಡಿಯಲ್ಲಿ ಬಿಗಿಯಾಯಿತೆಂದೇ ಲೆಕ್ಕ. ಆತನಿಗೆ ಎರಡೇ ಪ್ರಯತ್ನದಲ್ಲಿ ಅದು ದಕ್ಕಿತು.

ಇಷ್ಟಾದರೂ ಫೋರ್ಕಿನ ಹೊಳೆಯುವ ಕಾಲುಗಳು ಕೆಳಗಿನ ದಪ್ಪ ಕಾಲುಗಳೊಳಗೆ ಇಳಿಯುವಲ್ಲಿ ಬೆರಳಿಟ್ಟರೆ ಒಂದಿಷ್ಟು ಅಲುಗಾಟ ತಿಳಿಯುತ್ತಿತ್ತು. “ಈ ದರ್ಜೆಯ ಫೋರ್ಕಿನಲ್ಲಿ ಇಷ್ಟು ಇದ್ದೇ ಇರುತ್ತದೆ ಸರ್, ಹೊಸತರಲ್ಲಿಯೂ ಇರುತ್ತದೆ. ಇದು ಹೆಚ್ಚಾಗುತ್ತಾ ಹೋದರೆ ಆಗ ಬನ್ನಿ” ಎಂದ. ನನಗೆ ಅದು ಸಮಾಧಾನವಾಗಲಿಲ್ಲ. ಎಲ್ಲವೂ ಬಿಗಿಯಾಗಿರಬೇಕೆಂಬುದು ನನ್ನ ಸ್ವಭಾವ. ತರಗತಿಯಲ್ಲಿಯೂ ಹಾಗೆಯೇ ಇದ್ದೆನೆಂದು ನಿಮ್ಮಲ್ಲಿ ಕೆಲವರು ಹೇಳುವುದು ನನ್ನ ಕಿವಿಗೂ ಬಿದ್ದಿದೆ. ದುಡ್ಡು ಕೊಡಲು ಹೋದರೆ ಆತ ಬ್ರೇಕಿನ ಹಿಡಿಕೆ, ಗುಂಡುಗಳಿಗಷ್ಟೇ ತೆಗೆದುಕೊಂಡ.

ಮನೆಗೆ ಬರುವ ಆಟೋದಲ್ಲಿ ನಾನು ಹುಡುಗನಿಗೆ, “ನೀನು ಮೆಲ್ಲಗೇ ಬರುತ್ತಿದ್ದೆ, ಅಲ್ಲವೇ?” ಎಂದು ಕೇಳಿದೆ. “ಹೂಂ” ಎಂದ. “ಮತ್ತೆ ಅಮ್ಮನಿಗೆ ಜೋರಾಗಿ ಬಂದೆ ಎಂದು ಏಕೆ ಹೇಳಿದೆ?” ಅದಕ್ಕೆ ಉತ್ತರವಿಲ್ಲ. ಗದ್ದದ ಪಟ್ಟಿಯನ್ನು ಸರಿಮಾಡಿಕೊಂಡ. ನಲವತ್ತು ವರ್ಷಕ್ಕೆ ಹತ್ತಿರವಾಗಿ ಪಾಠ ಹೇಳಿದವನಿಗೆ ಒಬ್ಬ ಹುಡುಗನ ಕ್ಷಮೆ ಕೇಳುವ ಅಭ್ಯಾಸ ಇರಲಿಲ್ಲ. ಮಾತು ಹೊರಡಲು ನಾಲ್ಕು ಮೈಲಿ ಹಿಡಿಯಿತು.

ಮಗಳಿಗೆ ಫೋನು ಮಾಡಿದ್ದು ಅದಕ್ಕಿಂತ ಕಷ್ಟದ ಕೆಲಸ. ನಡೆದುದೆಲ್ಲವನ್ನೂ ಹೇಳಿದೆ. ಬಹಳ ಹೊತ್ತು ಆಕೆ ಮಾತಾಡಲಿಲ್ಲ. ಕಡೆಗೆ, “ಈಗ ಸರಿ ಇದೆಯೇ ಅಪ್ಪ?” ಎಂದು ಕೇಳಿದಳು. ಹೌದು ಎನ್ನುವ ಮಾತು ನಾಲಿಗೆಯ ತುದಿಗೆ ಬಂದಿತ್ತು. “ಎರಡು ಕಡೆ ಸರಿಯಾಗಿದೆ. ಫೋರ್ಕಿನಲ್ಲಿ ಸ್ವಲ್ಪ ಅಲುಗಾಟ ಇದೆ, ಅದು ಇರುವಂಥದೇ ಅಂತೆ. ಹೆಚ್ಚಾಗುತ್ತದೆಯೇ ಎಂದು ನೋಡುತ್ತಿರಬೇಕು. ಹೇಗೆ ನೋಡಬೇಕೆಂದು ಅವನಿಗೂ ಕಲಿಸಿದ್ದೇನೆ” ಎಂದೆ. ಆಕೆ, “ಹೊಲಿಗೆ ಬಿಚ್ಚುವವರೆಗೆ ಬೇಡ” ಎಂದಷ್ಟೇ ಹೇಳಿದಳು. ಆ ರಜೆಯಲ್ಲಿ ಆತ ಮತ್ತೆ ಇಳಿಜಾರಿಗೆ ಹೋಗಲಿಲ್ಲ, ಅಂಗಳದಲ್ಲಿಯೇ ಸುತ್ತು ಹಾಕಿದ.

ಮೊನ್ನೆ ಭಾನುವಾರ ಬೆಳಿಗ್ಗೆ ಬೆಂಗಳೂರಿನಿಂದ ಅವನ ಫೋನು ಬಂತು. “ಅಜ್ಜ, ಮತ್ತೆ ಟಕ್ ಅಂತಿದೆ. ಬೆರಳಿಟ್ಟು ನೋಡಿದೆ, ಮೇಲೆ ಏನೂ ಇಲ್ಲ.”

“ರಿಮ್ ಹಿಡಿದು ನೋಡಿದೆಯಾ?”

“ಇಲ್ಲ. ಇರಿ, ಈಗ ನೋಡುತ್ತೇನೆ” ಎಂದು ಫೋನನ್ನು ಅಲ್ಲಿಯೇ ಇಟ್ಟು ಹೋದ.